ಮೂಗು ಮಾರಮ್ಮ ಮತ್ತು ಏಸಿ ಗ್ಯಾಸು

“ಕಡ್ಡಿ ಗೀರಬೇಡ ಚಿಕ್ಕಪ್ಪ.”

ರುದ್ರೇಶನ ಕೈ ನಿಂತಿತು. ಅಮಾವಾಸ್ಯೆಯ ಪೂಜೆಗೆ ಕಾರು ಸಿದ್ಧವಾಗಿತ್ತು. ಚಕ್ರದಡಿ ನಿಂಬೆಹಣ್ಣು, ಡ್ಯಾಶ್‌ಬೋರ್ಡಿನ ದೇವರ ಫೋಟೊ ಮುಂದೆ ಊದುಬತ್ತಿ. ಅಜ್ಜಿ ಪುಟ್ಟಗಂಗಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕೂತು, ಗ್ಲಾಸ್ ಏರಿಸಿ, ಏಸಿ ತಂಪಿಗೆ ಮುಖ ಒಡ್ಡಿದ್ದಳು.

“ಗ್ಯಾಸ್ ವಾಸ್ನೆ ಬತ್ತೈತೆ,” ಎಂದಳು ಧನ್ಯಶ್ರೀ.

“ನಿನ್ನೆ ತಾನೆ ಹುಳಿಯಾರಲ್ಲಿ ಏಸಿಗೆ ಗ್ಯಾಸ್ ತುಂಬ್ಸಿದೀನಿ ಕಣೇ. ಗ್ಯಾಸ್ ವಾಸ್ನೆ ಬರ್ದೆ ಮಲ್ಲಿಗೆ ವಾಸ್ನೆ ಬತ್ತದಾ? ಮೂಗು ಮಾರಮ್ಮ, ಸುಮ್ನಿರು.”

ಮನೆಯಲ್ಲಿ ಅವಳಿಗೆ ಅದೇ ಹೆಸರು. ಅಟ್ಟದ ಮೇಲೆ ಒಂದು ಕೊಬ್ಬರಿ ಕೆಟ್ಟರೂ ಕೆಳಗೆ ನಿಂತೇ ಹೇಳಿಬಿಡುವ ಮೂಗು ಅದು. ಈ ವಾಸನೆ ಅದಕ್ಕೆ ಗೊತ್ತಿತ್ತು. ಸಿಲಿಂಡರ್ ಬದಲಾಯಿಸುವಾಗ ಬರುವ ವಾಸನೆ. ಆಗ ಅಮ್ಮ ದೇವರ ದೀಪವನ್ನೂ ಆರಿಸುತ್ತಾಳೆ.

ಚಿಕ್ಕಪ್ಪ ಮತ್ತೆ ಕಡ್ಡಿ ಎತ್ತಿದ. ಧನ್ಯಶ್ರೀ ಬೆಂಕಿಪೊಟ್ಟಣ ಕಿತ್ತುಕೊಂಡು ದನದ ನೀರಿನ ತೊಟ್ಟಿಗೆ ಎಸೆದಳು. ಬಾಗಿಲು ತೆಗೆದು ಅಜ್ಜಿಯ ಕೈಹಿಡಿದು ಎಳೆದಳು.

“ಇಳಿ ಅಜ್ಜಿ. ಮೊದ್ಲು ಇಳಿ.”

“ತಲೆ ಕೆಟ್ಟದಾ ನಿಂಗೆ?” ಚಿಕ್ಕಪ್ಪ ಬೈದ.

ಅಜ್ಜಿ ಸುಧಾರಿಸಿಕೊಂಡು, “ಲೋ ರುದ್ರ, ನಂಗೂ ಆಗ್ಲಿಂದ ತಲೆ ಸುತ್ತತಿತ್ತು ಕಣ್ಲಾ. ಏಸಿ ಅಂದ್ರೆ ಹಿಂಗೇ ಏನೋ ಅನ್ಕಂಡಿದ್ದೆ,” ಎಂದಳು.

ಚಿಕ್ಕಪ್ಪ ಎಂಜಿನ್ ಆರಿಸಿದ. ಬಾಗಿಲುಗಳನ್ನೆಲ್ಲ ತೆರೆದಿಟ್ಟು ಫೋನ್ ತೆಗೆದ.

ಏಸಿ ಅಂಗಡಿಯವನು ಬೈಕಿನಲ್ಲಿ ಬಂದ. “ಗ್ಯಾಸ್ ಅಂದ್ಮೇಲೆ ಗ್ಯಾಸೇ ಕಣ್ರೀ. ಕೂಲಿಂಗ್ ಬಂತೋ ಇಲ್ವೋ?”

“ಅಡ್ಗೆ ಸಿಲಿಂಡರ್‌ದೇ ತುಂಬಿದ್ರಾ ಅಣ್ಣ?” ಧನ್ಯಶ್ರೀ ಕೇಳಿದಳು.

“ಏನೂ ಆಗಲ್ಲ ಬುಡಮ್ಮ.”

“ಹಂಗಾರೆ ಗ್ಲಾಸ್ ಏರಿಸ್ಕೊಂಡು ನೀವೇ ಒಳಗೆ ಕೂತು ಹಚ್ಚಿ.” ಅವಳು ಊದುಬತ್ತಿ ಚಾಚಿದಳು.

ಅವನು ತೆಗೆದುಕೊಳ್ಳಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದ.

ಚಿಕ್ಕಪ್ಪ ಅದನ್ನು ನೋಡಿದ. “ನಮ್ಮವ್ವ ಇದ್ಲು ಕಣಯ್ಯ ಒಳಗೆ,” ಎಂದ.

ಅಂಗಡಿಯವನು ತಲೆ ತಗ್ಗಿಸಿದ. ಆ ಗ್ಯಾಸನ್ನು ಪೂರ್ತಿ ತೆಗೆಸಿ, ಸೋರುವ ಪೈಪ್ ಬದಲಾಯಿಸಿ, ಏಸಿಯದೇ ಗ್ಯಾಸ್ ತುಂಬಿಸುವ ತನಕ ಚಿಕ್ಕಪ್ಪ ಅವನನ್ನು ಬಿಡಲಿಲ್ಲ.

ಮುಂದಿನ ಅಮಾವಾಸ್ಯೆ. ಕಾರಿನ ಬಾಗಿಲುಗಳೆಲ್ಲ ತೆರೆದಿದ್ದವು. ಊದುಬತ್ತಿ ಹಿಡಿದು ನಿಂತ ಚಿಕ್ಕಪ್ಪ ಕೂಗಿದ, “ಮೂಗು ಮಾರಮ್ಮ, ಬಾ ಇಲ್ಲಿ.”

ಹೆಸರು ಅದೇ. ಆದರೆ ಯಾರೂ ನಗಲಿಲ್ಲ.

ಧನ್ಯಶ್ರೀ ಒಳಗೆ ಬಗ್ಗಿ ಮೂಸಿದಳು. ಬಿಸಿಲು ತಿಂದ ಸೀಟು, ಅಜ್ಜಿಯ ಎಲೆಯಡಿಕೆ. ಬೇರೇನೂ ಇಲ್ಲ.

ಎಲ್ಲರೂ ಕಾಯುತ್ತಿದ್ದರು. ಕಾಯಲಿ ಎಂದು ಅವಳು ಇನ್ನೊಂದು ಸಲ ಮೂಸಿದಳು.

“ಹೂಂ, ಹಚ್ಚು.”