ಮುಗಿಯದ 'ಗೆಟ್', ಅರೆ ಬಟ್ಟಲು ಚಹಾ

"ಒಂದೇ ಮಾತಿನ ಹೆಗಲಿಗೆ ಇಷ್ಟೊಂದು ಕೆಲಸ ಹೊರಿಸಿದ್ದಾರಲ್ಲ, ಈ ಇಂಗ್ಲಿಷಿನವರಿಗೆ ಬೇರೆ ಮಾತುಗಳಿಗೇನು ಬರಗಾಲವಾ?"

ಬಾಗಿಲಲ್ಲಿ ಬೂಟು ಬಿಚ್ಚುವ ಮೊದಲೇ ಕುಬತ್ ಜಗಳಕ್ಕೆ ನಿಂತಿದ್ದ. ಕೈಯಲ್ಲೊಂದು ಹಳೆಯ ಪಾಠದ ಪುಸ್ತಕ, ಹಾಳೆಯ ತುಂಬ ಮಸಿ ಬೆರಳಿನ ಗುರುತು. ಹಿಮಬೆಟ್ಟಗಳ ನಡುವಿನ ಕೋಚ್ಕೋರ್ ಪೇಟೆಯಲ್ಲಿ ಕಬ್ಬಿಣದ ಒಲೆ ಮಾಡಿ ಮಾರುವವನ ಕೈ ಇನ್ನು ಹೇಗಿದ್ದೀತು?

ಮನೆಯಲ್ಲೇ ಇಂಗ್ಲಿಷ್ ಪಾಠ ಹೇಳುವ ಜೂರಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾವ ಮಾತು?"

"ಗೆಟ್. ಒಂದು ಕಡೆ ಸಿಗೋದು ಅಂತಾರೆ, ಇನ್ನೊಂದು ಕಡೆ ತಲುಪೋದು ಅಂತಾರೆ. ಬಸ್ ಹತ್ತೋಕೂ ಅದೇ, ಇಳಿಯೋಕೂ ಅದೇ. ಹತ್ತಿದ್ನೋ ಇಳಿದ್ನೋ ಅಂತ ಹೆಂಡತಿಗೆ ಹೇಗೆ ಗೊತ್ತಾಗ್ಬೇಕು?"

"ಹೆಂಡತಿ ಇದ್ದಾರಾ?"

"ಇಲ್ಲ. ಮಾತಿಗೆ ಹೇಳಿದೆ."

ಜೂರಾಳಿಗೆ ನಗು ತಡೆಯಲಾಗಲಿಲ್ಲ. ಆ ನಗು ನೋಡಿದವನು ಮುಂದಿನ ತಕರಾರು ಮರೆತೇಬಿಟ್ಟ.

ಅವಳ ಎದೆಯಲ್ಲೂ ಅವತ್ತೇ ಏನೋ ಜಾರಿತು. ಆದರೆ ಅವನು ಇಂಗ್ಲಿಷ್ ಕಲಿಯಲು ಬಂದದ್ದೇ ಊರು ಬಿಡುವುದಕ್ಕೆ. ಇಂಗ್ಲೆಂಡಿನ ತೋಟದಲ್ಲಿ ಸ್ಟ್ರಾಬೆರಿ ಬಿಡಿಸುವ ಕೆಲಸ. ಫೋನಿನ ಇಂಟರ್‌ವ್ಯೂ ಪಾಸಾದರೆ ವೀಸಾ. ಚೆನ್ನಾಗಿ ಕಲಿಸಿದರೆ ಬೇಗ ಹೊರಟುಹೋಗುತ್ತಾನೆ. ತಪ್ಪು ಕಲಿಸಲು ಮನಸ್ಸು ಒಪ್ಪದು. ಪಾಪ, ಆ ಹುಡುಗಿ ಏನು ತಾನೇ ಮಾಡಿಯಾಳು?

'ಗೆಟ್' ಎಂಬ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಬೇರೆ ಯಾರಾದರೂ ಅದನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದರು. ಜೂರಾ ದಿನಕ್ಕೊಂದು ಅರ್ಥದಂತೆ ಎಳೆದಳು. ಇವತ್ತು ಪಡೆಯುವುದು, ಅದಕ್ಕೆ 'ರಿಸೀವ್' ಎಂದರೂ ನಡೆಯುತ್ತದೆ. ನಾಳೆ ತಿಳಿಯುವುದು, ಬದಲಿಗೆ 'ಅಂಡರ್‌ಸ್ಟ್ಯಾಂಡ್'. ಆಮೇಲೆ ಕಾಯಿಲೆಯಿಂದ ಏಳುವುದು, ಮುದುಕರಾಗುವುದು, ಒಬ್ಬರನ್ನು ಹೋಗಿ ಕರೆತರುವುದು...

"ಇನ್ನೂ ಉಳಿದಿದೆಯಾ, ಟೀಚರಕ್ಕ?"

"ಇದೆ. ನಾಳೆ ಬನ್ನಿ."

ವಯಸ್ಸಿನಲ್ಲಿ ಅವನೇ ದೊಡ್ಡವನು. ಆದರೂ ಟೀಚರನ್ನು ಅಕ್ಕ ಎನ್ನುವುದು ಊರ ವಾಡಿಕೆ. ಆ 'ಅಕ್ಕ' ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಪಾಠದ ಜೊತೆಗೆ ಚಹಾ. ಬಟ್ಟಲಿನ ತಳ ಮುಚ್ಚುವಷ್ಟು ಸುರಿಯುವಳು, ಅವನು ಕುಡಿದು ಚಾಚಿದರೆ ಮತ್ತೆ ಅಷ್ಟೇ. ಬಂದವರು ಇನ್ನಷ್ಟು ಹೊತ್ತು ಕೂರಲಿ ಎಂಬ ಮನಸ್ಸಿದ್ದರೆ ಅಲ್ಲಿ ಎಲ್ಲರೂ ಹಾಗೆಯೇ ಸುರಿಯುವುದು. ಮೂಲೆಯಲ್ಲಿ ಉಣ್ಣೆ ಹಿಂಜುತ್ತಿದ್ದ ಅಜ್ಜಿ, "ಒಲೆ ಹುಡುಗ ಬಂದ್ರೆ ನಮ್ಮ ಕೆಟಲಿಗೆ ಪುರುಸೊತ್ತೇ ಇಲ್ಲ" ಎಂದು ಗೊಣಗುತ್ತಿದ್ದಳು.

ಒಂದು ಮಂಗಳವಾರ ಅವನು ಪುಸ್ತಕವಿಲ್ಲದೆ ಬಂದ.

"ವೀಸಾ ಬಂತು. ನಾಡಿದ್ದು ಹೊರಡ್ತೀನಿ."

ಜೂರಾ ಕೆಟಲ್ ಎತ್ತಿಕೊಂಡಳು. ಕೈಗೆ ಏನಾದರೂ ಕೆಲಸ ಬೇಕಿತ್ತು.

"ಒಳ್ಳೇದಾಯ್ತು."

"ಸೀಸನ್ ಮುಗಿದ ಮೇಲೆ ಇಲ್ಲಿಗೇ ಬರ್ಬೇಕೋ, ಮಾಸ್ಕೋದಲ್ಲಿ ಅಣ್ಣನ ಹತ್ರ ಹೋಗಿ ಇದ್ದುಬಿಡ್ಬೇಕೋ... ಅದೊಂದು ಗೊತ್ತಾಗ್ತಿಲ್ಲ. ನೀವೇನಂತೀರಿ?"

'ಬಾ ಅನ್ನು... ಇಲ್ಲಿಗೇ ಬಾ ಅನ್ನು...' ಒಳಗೆ ಒಂದೇ ಸಮನೆ ಕೂಗು. ಆದರೆ ಯಾವ ಹಕ್ಕಿನಿಂದ ಹೇಳುವುದು? ಕಣ್ಣು ಮಂಜಾಯಿತು. ಸುರಿದ ಚಹಾವನ್ನು ಅವನ ಮುಂದಿಟ್ಟಳು.

ಕುಬತ್ ಬಟ್ಟಲನ್ನೇ ನೋಡುತ್ತ ಕೂತ. ಆಮೇಲೆ ಎದ್ದು ನಿಂತೇ ಕುಡಿದು, ಬೂಟು ಹಾಕಿಕೊಂಡು ಹೊರಟುಹೋದ. ಇನ್ನೂ ಉಳಿದಿದೆಯಾ ಎಂದು ಕೇಳಲಿಲ್ಲ.

ಮರುದಿನ ಪಾಠದ ಹೊತ್ತು ಕಳೆದರೂ ಅವನ ಸುಳಿವಿಲ್ಲ. ವೀಸಾ ಸಿಕ್ಕಿತು, ಇನ್ನು ಟೀಚರ್ ಯಾಕೆ ಬೇಕು... ಜೂರಾ ಹಿಟ್ಟು ನಾದುತ್ತ ಅತ್ತಳು.

"ಕಳಿಸಿದವಳು ನೀನೇ, ಈಗ ಅಳೋದ್ಯಾಕೆ?" ಎಂದಳು ಅಜ್ಜಿ.

"ನಾನೆಲ್ಲಿ ಕಳಿಸಿದೆ?"

"ಬಟ್ಟಲನ್ನ ಅಂಚಿನ ತನಕ ತುಂಬಿಸಿ ಇಟ್ಟೆಯಲ್ಲೇ. ಹಂಗೆ ತುಂಬಿಸಿದ್ರೆ 'ಇದನ್ನ ಕುಡಿದು ಎದ್ದು ಹೋಗು' ಅಂತ ನಮ್ಮ ಹಟ್ಟಿಯ ಕುರಿಗೂ ಗೊತ್ತು. ನೀವಿಬ್ರೂ ಜಗಳ ಆಡಿದ್ರೇನೋ ಅಂದ್ಕೊಂಡು ನಾನು ಸುಮ್ಮನಿದ್ದೆ."

ಜೂರಾಳ ಕೈ ಹಿಟ್ಟಿನಲ್ಲೇ ನಿಂತಿತು. ವಾಪಸ್ ಬರಬೇಕಾ ಎಂದು ಅವನು ಕೇಳಿದ್ದ. ಅದಕ್ಕೆ ಅವಳು ಕೊಟ್ಟ ಉತ್ತರ, ತುಂಬಿದ ಬಟ್ಟಲು.

ಕೆಟಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಒಂದು ಬಟ್ಟಲು ಜೇಬಿಗೆ ಹಾಕಿಕೊಂಡು, ಹಿಟ್ಟಿನ ಕೈಯಲ್ಲೇ ಪೇಟೆಗೆ ನಡೆದಳು. ಕುಬತ್ ಅಂಗಡಿಯ ಒಳಗೆ ಸಾಮಾನು ಕಟ್ಟಿಡುತ್ತಿದ್ದ. ಅವಳನ್ನು ಕಂಡೂ ತಲೆ ಎತ್ತಲಿಲ್ಲ.

"ಏನ್ ಟೀಚರಕ್ಕ, ಪಾಠ ಮುಗೀತಲ್ಲ?"

ಒಂದು ಮಾತಿಗೆ ಹತ್ತು ಬದಲಿ ಮಾತು ಹುಡುಕಿಕೊಡುವವಳು ಈಗ ಮಾತಿನ ಬದಲಿಗೆ ಕೆಟಲಿನ ಬಟ್ಟೆ ಬಿಚ್ಚಿದಳು. ಡಬ್ಬಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಬಟ್ಟಲಿಟ್ಟು, ತಳ ಮುಚ್ಚುವಷ್ಟು ಚಹಾ ಸುರಿದು ನಿಂತಳು.

ಅವನು ಬಟ್ಟಲು ನೋಡಿದ, ಅವಳ ಮುಖ ನೋಡಿದ.

"ಇಷ್ಟೇನಾ?"

"ಇಷ್ಟೇ. ನಿನ್ನೆ... ಅಳು ಬರ್ತಿತ್ತು. ಎಷ್ಟು ಸುರೀತಿದ್ದೀನಿ ಅಂತ ಕಾಣಲಿಲ್ಲ."

ಕುಬತ್ ಡಬ್ಬಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟ. ಒಂದೇ ಗುಟುಕಿಗೆ ಕುಡಿದು ಬಟ್ಟಲು ಚಾಚಿದ. ಅವಳು ಮತ್ತೆ ಅಷ್ಟೇ ಸುರಿದಳು.

"ಒಂದು ಹೇಳ್ಲಾ? ನೀವು 'ಮುದುಕರಾಗೋದು' ಹೇಳ್ಕೊಟ್ರಲ್ಲ, ಆ ವಾರವೇ ನನ್ನ ಇಂಟರ್‌ವ್ಯೂ ಪಾಸಾಗಿತ್ತು."

"ಮತ್ತೆ ದಿನಾ ಯಾಕೆ ಬರ್ತಿದ್ರಿ?"

"ಗೆಟ್ ಮುಗಿದಿರಲಿಲ್ಲವಲ್ಲ."

"ಅದು ಒಂದು ಮಧ್ಯಾಹ್ನದ ಪಾಠ, ಕುಬತ್."

ಇಬ್ಬರೂ ನಕ್ಕರು. ನಗು ಬೇಗ ಆರಿತು. ನಾಳೆಯ ದಿನ ಇಬ್ಬರ ಕೈಯಲ್ಲೂ ಇರಲಿಲ್ಲ.

"ಹೋಗದೆ ಇರೋಕಾಗಲ್ಲ. ಒಪ್ಕೊಂಡಾಗಿದೆ."

"ಗೊತ್ತು."

"ಮೊದಲ ಹಿಮ ಬೀಳೋ ಹೊತ್ತಿಗೆ ಇಲ್ಲಿಗೇ ಬರ್ತೀನಿ, ಜೂರಾ."

ಅಕ್ಕ ಇಲ್ಲ... ಬರೀ ಜೂರಾ. ಮತ್ತೆ ಕಣ್ಣು ತುಂಬಿತು. ಈ ಸಲ ಅವಳು ಬಟ್ಟಲಿನಿಂದ ನೋಟ ಕೀಳಲಿಲ್ಲ, ಒಂದು ಗುಟುಕಿನಷ್ಟೇ ಸುರಿದಳು.

"ಟ್ಯಾಕ್ಸಿ ಬೆಳಗಿನ ಜಾವಕ್ಕೆ. ಕೆಟಲಲ್ಲಿ ಇನ್ನೆಷ್ಟಿದೆ?"

"ಹೀಗೇ ಹಾಕ್ತಾ ಹೋದ್ರೆ, ಕತ್ತಲಾಗೋವರೆಗೂ ಬರುತ್ತೆ."