ಹಸಿರು ಮುಚ್ಚಳದ ಬ್ಯಾಟರಿ

2025ರ ಸೆಪ್ಟೆಂಬರ್ 29, ಸೋಮವಾರ. ಅರಿಶಿನಕುಂಟೆಯ ನರಸಿಂಹಯ್ಯ ಮತ್ತು ಅವರ ಹೆಂಡತಿ ದ್ಯಾವಮ್ಮ ಬೆಳಿಗ್ಗೆ ಠಾಣೆಯ ಮೆಟ್ಟಿಲು ಹತ್ತಿದಾಗ, ಎಎಸ್‌ಐ ರಾಮಾಂಜಿನಪ್ಪ ಫೋನಿನಲ್ಲಿ ತಮ್ಮ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದರು. ಮನೆಯ ಯುಪಿಎಸ್ ಕೆಟ್ಟು ಒಂದೇ ಸಮನೆ ಕೂಗಿಕೊಳ್ಳುತ್ತಿತ್ತು. ಹೊಸದನ್ನು ಯಾವಾಗ ತರುತ್ತೀರಿ ಎಂಬುದು ಆಕೆಯ ಪ್ರಶ್ನೆ. ಕಳ್ಳರನ್ನು ಹಿಡಿದು ತರುವುದೇನೋ ಸರಿ, ಅಂಗಡಿಯಲ್ಲಿ ನಿಂತು ಒಂದು ಸಾಮಾನು ಆರಿಸುವುದೆಂದರೆ ರಾಮಾಂಜಿನಪ್ಪನವರಿಗೆ ಕೈಕಾಲೇ ಆಡುತ್ತಿರಲಿಲ್ಲ. ದೂರುದಾರರನ್ನು ಕಂಡು ಅವರು ಸಂತೋಷದಿಂದಲೇ ಫೋನ್ ಇಟ್ಟರು.

“ಏನು ಕಳುವಾಯ್ತು?”

“ಬ್ಯಾಟ್ರಿ ಸಾರ್. ಯುಪಿಎಸ್ ಬ್ಯಾಟ್ರಿ,” ಎಂದರು ನರಸಿಂಹಯ್ಯ.

ರಾಮಾಂಜಿನಪ್ಪನವರಿಗೆ ನಗು ಬಂತು. ಕೆಮ್ಮಿ ಸಾವರಿಸಿಕೊಂಡರು.

“ಯಾವಾಗ?”

“ನಿನ್ನೆ ಮಧ್ಯಾಹ್ನ. ನೆಂಟ್ರ ಮನೆಗೆ ಹೋಗಿದ್ವಿ. ಬಂದು ನೋಡಿದ್ರೆ ಪೆಟ್ಟಿಗೆ ಐತೆ, ಬ್ಯಾಟ್ರಿ ಇಲ್ಲ.”

“ಬೀಗ ಒಡೆದಿದ್ರಾ?”

“ಇಲ್ಲ ಸಾರ್. ಬೀಗದ ಕೈ ಯಾವಾಗ್ಲೂ ಇಡೋ ಕಡೆನೇ ಇಟ್ಟಿದ್ವಿ. ತುಳಸಿ ಕಟ್ಟೆ ಹಿಂದೆ.”

“ಯಾವಾಗ್ಲೂ ಇಡೋ ಕಡೆ ಅಂದ್ರೆ ಊರಿಗೆಲ್ಲ ಗೊತ್ತಿರೋ ಕಡೆ. ವಾರಂಟಿ ಕಾರ್ಡು?”

“ಇಲಿ ಕಡಿದಾಕ್ಬಿಡ್ತು.”

ಅಲ್ಲಿಯವರೆಗೆ ಸೆರಗು ಬಿಗಿಹಿಡಿದು ಕೂತಿದ್ದ ದ್ಯಾವಮ್ಮನಿಗೆ ತಾಳ್ಮೆ ಮುಗಿಯಿತು. “ಬ್ಯಾಟ್ರಿ ಹಾಳಾಗೋಗ್ಲಿ ಸಾರ್. ನನ್ ಮೊಟ್ಟೆ ಗತಿ ಏನು ಹೇಳಿ!”

ದ್ಯಾವಮ್ಮ ನಾಟಿ ಕೋಳಿ ಮರಿ ಮಾಡುವ ಮಷೀನು ತರಿಸಿದ್ದರು. ಕಾವು ಕೂರುವ ಕೋಳಿಯ ಕೆಲಸವನ್ನು ಅದು ಕರೆಂಟಿನಲ್ಲಿ ಮಾಡುತ್ತದೆ. ಇಪ್ಪತ್ತೊಂದು ದಿನ ಬಿಸಿ ತಪ್ಪಬಾರದು. ಮೊದಲನೇ ಸಲ ಕರೆಂಟು ಹೋಗಿ ಮೊಟ್ಟೆಯೆಲ್ಲ ಕೊಳೆತಿದ್ದವು. ಆಮೇಲೆಯೇ ಮಷೀನಿಗೆಂದು ಯುಪಿಎಸ್ ಹಾಕಿಸಿದ್ದು. ಈ ಸಲವೂ ಕೆಟ್ಟರೆ ಮಷೀನನ್ನು ಗುಜರಿಗೆ ಹಾಕುವುದೆಂದು ನರಸಿಂಹಯ್ಯ ಹೇಳಿಬಿಟ್ಟಿದ್ದರು. ಈಗ ಮರಿ ಹೊರಬರಲು ಒಂದು ವಾರ ಬಾಕಿ. ಹೆದ್ದಾರಿ ಪಕ್ಕ ಕಂಬ ಬದಲಿಸುವ ಕೆಲಸ ನಡೆಯುತ್ತಿದ್ದುದರಿಂದ ಕರೆಂಟು ದಿನವೂ ಮಧ್ಯಾಹ್ನ ಹೋಗುತ್ತಿತ್ತು.

“ಮೊಟ್ಟೆ ಒಳಗೆ ಜೀವ ಆಡ್ತಾ ಐತೆ ಸಾರ್. ಟಾರ್ಚ್ ಹಾಕಿ ನೋಡಿದೀನಿ,” ಎಂದರು ದ್ಯಾವಮ್ಮ. ಅವರ ಕಣ್ಣು ತುಂಬಿತ್ತು. ರಾಮಾಂಜಿನಪ್ಪನವರಿಗೆ ಆಗ ನಗು ಬರಲಿಲ್ಲ.

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ, ವಾಸದ ಮನೆಯಲ್ಲಿ ಕಳವು ಎಂದು ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ರಾಮಾಂಜಿನಪ್ಪ ಮತ್ತು ಕಾನ್‌ಸ್ಟೆಬಲ್ ನಿಶತ್ ಅರಿಶಿನಕುಂಟೆಯಲ್ಲಿದ್ದರು. ಠಾಣೆಗೆ ಹೊಸದಾಗಿ ಬಂದಿದ್ದ ನಿಶತ್ ಚುರುಕು ಹುಡುಗಿ. ಪಂಚನಾಮೆಯನ್ನು ಆಕೆ ಫೋನಿನಲ್ಲಿ ಚಿತ್ರೀಕರಿಸುತ್ತಿದ್ದರೆ, ರಾಮಾಂಜಿನಪ್ಪ ಬಗ್ಗಿ ವೈರುಗಳನ್ನು ನೋಡಿದರು.

“ಕತ್ತರಿಸಿಲ್ಲ ನೋಡಮ್ಮ. ಸ್ಪ್ಯಾನರ್ ಹಾಕಿ ಬಿಚ್ಚಿದಾನೆ. ತುದಿಗೆ ಟೇಪ್ ಸುತ್ತಿದಾನೆ.”

“ಮಷೀನೂ ಆಫ್ ಮಾಡಿಲ್ಲ ಸರ್. ಮೊಟ್ಟೆಗೆ ತೊಂದ್ರೆ ಆಗ್ಬಾರ್ದು ಅಂತ ನೋಡ್ಕೊಂಡವ್ನೆ.”

ಕಳ್ಳನಿಗೆ ಇಷ್ಟು ಮರ್ಯಾದೆ ಇರುವುದು ಅಪರೂಪ. ಮನೆಗೆ ಯಾರು ಯಾರು ಬಂದಿದ್ದರು ಎಂದು ಕೇಳಿದರೆ ದಂಪತಿಗಳು ಅರ್ಧ ತಾಲ್ಲೂಕನ್ನೇ ಹೆಸರಿಸಿದರು. ಮಷೀನು ನೋಡಲು ಬಂದ ಹೆಂಗಸರು, ಫೀಡ್ ಅಂಗಡಿಯವರು, ಮಷೀನು ಇಳಿಸಿ ಆಮೇಲೊಮ್ಮೆ ಫೀಡ್ ಮೂಟೆಯನ್ನೂ ತಂದುಹಾಕಿದ ಯಾವುದೋ ಗೂಡ್ಸ್ ಆಟೋದವನು. ಅಷ್ಟರಲ್ಲಿ ಕರೆಂಟು ಹೋಯಿತು. ದ್ಯಾವಮ್ಮ ಓಡಿಹೋಗಿ ಮಷೀನಿಗೆ ಕಂಬಳಿ ಹೊದಿಸಿ, ಒಳಗೆ ಬಿಸಿನೀರಿನ ಬಾಟಲಿಗಳನ್ನು ಇಟ್ಟರು. ನರಸಿಂಹಯ್ಯ, ಗುಜರಿಗೆ ಹಾಕುತ್ತೇನೆಂದಿದ್ದವರೇ, ಒಲೆಯ ಮೇಲೆ ಇನ್ನೊಂದು ಪಾತ್ರೆ ನೀರಿಟ್ಟರು.

ಸಂಜೆ ಪೊಲೀಸರಿಬ್ಬರೂ ನೆಲಮಂಗಲ ಪೇಟೆಯ ಕಲೀಮುಲ್ಲಾ ಅವರ ಬ್ಯಾಟರಿ ಅಂಗಡಿಗೆ ಹೋದರು. ಅರಿಶಿನಕುಂಟೆಯ ಆ ಮನೆಗೆ ಯುಪಿಎಸ್ ಹಾಕಿದ್ದು ಅವರೇ. ಹಳೆ ಬ್ಯಾಟರಿ ಮಾರಲು ಯಾರೂ ಬಂದಿಲ್ಲವೆಂದು ಕಲೀಮುಲ್ಲಾ ಅಲ್ಲಾನ ಮೇಲೆ ಆಣೆ ಇಟ್ಟರು. ಗುಜರಿಯವರಿಗೆಲ್ಲ ತಾವೇ ಫೋನ್ ಮಾಡಿ ವಿಚಾರಿಸಿದರು. ಎಲ್ಲಿಗೂ ಬಂದಿರಲಿಲ್ಲ.

“ಸಿಕ್ಕಿದ್ರೆ ಗುರುತು ಹಿಡೀತೀರಾ ಕಲೀಮ್ ಭಾಯ್?”

“ಕಣ್ಮುಚ್ಚಿಕೊಂಡು ಹಿಡೀತೀನಿ ಸಾರ್. ಬ್ಯಾಟ್ರಿ ಮೇಲೆ ನೀರು ಹಾಕಕ್ಕೆ ಆರು ಮುಚ್ಚಳ ಇರುತ್ತೆ. ಅದ್ರಲ್ಲಿ ಒಂದು ನನ್ ಕೈಲಿ ಒಡೀತು. ಕೆಂಪು ಸಿಗ್ಲಿಲ್ಲ, ಹಸಿರು ಹಾಕ್ದೆ. ಜೊತೆ ಕೂಡಲ್ಲ ಅಂತ ದ್ಯಾವಮ್ಮ ಒಂದು ವಾರ ಬೈದ್ರು.”

ಬಂದದ್ದು ಬಂದಾಯಿತು ಎಂದು ರಾಮಾಂಜಿನಪ್ಪ ತಮ್ಮ ಮನೆಯ ಸಂಕಟವನ್ನೂ ಬಿಚ್ಚಿದರು. ಯಾವ ಯುಪಿಎಸ್ ಒಳ್ಳೆಯದು?

“ಕರೆಂಟ್ ಹೋದಾಗ ಏನೇನು ಓಡ್ಬೇಕು ಅಂತ ಮೊದ್ಲು ಹೇಳಿ ಸಾರ್. ನಾಕು ಲೈಟು, ಎರಡು ಫ್ಯಾನ್ ಅಂದ್ರೆ ಸಣ್ಣದೇ ಸಾಕು. ಜನ ದೊಡ್ಡ ಪೆಟ್ಟಿಗೆ ತಗೋತಾರೆ, ಆಮೇಲೆ ಬ್ಯಾಟ್ರಿ ಕಡೆ ತಿರುಗೂ ನೋಡಲ್ಲ. ನಿಮ್ದಕ್ಕೆ ಕೊನೆ ಸಲ ನೀರು ಹಾಕಿದ್ದು ಯಾವಾಗ?”

ರಾಮಾಂಜಿನಪ್ಪನವರಿಗೆ ಅದಕ್ಕೆ ನೀರು ಹಾಕಬೇಕೆಂಬುದೇ ಗೊತ್ತಿರಲಿಲ್ಲ. “ತನಿಖೆ ನಡೀತಾ ಇದೆ,” ಎಂದು ಹೇಳಿ ಎದ್ದರು.

ಮಂಗಳವಾರ ಹುಡುಕಾಟದಲ್ಲೇ ಕಳೆಯಿತು. ಕಾರು ರಿಪೇರಿಯವರು, ಸೆಕೆಂಡ್ ಹ್ಯಾಂಡ್ ಮಾರುವವರು, ದಾಬಸ್‌ಪೇಟೆ ಕಡೆಯ ಗ್ಯಾರೇಜುಗಳು, ಎಲ್ಲ ಕಡೆಯೂ ಕೆಂಪು ಮುಚ್ಚಳಗಳೇ.

ಬುಧವಾರ, ಅಕ್ಟೋಬರ್ 1, ಆಯುಧ ಪೂಜೆ. ಠಾಣೆಯಲ್ಲಿ ಬಂದೂಕು, ಲಾಠಿ, ಬೇಡಿಗಳಿಗೆಲ್ಲ ವಿಭೂತಿ ಕುಂಕುಮ ಹಚ್ಚಿಯಾಗಿತ್ತು. ಜೀಪಿನ ಮುಂದೆ ಬೂದುಗುಂಬಳ ಒಡೆದರು. ಎಲ್ಲರ ಕೈಯಲ್ಲೂ ಪುರಿ, ಕಡಲೆ, ಬಾಳೆಹಣ್ಣು. ನಿಶತ್ ಪುರಿ ಮೆಲ್ಲುತ್ತ ಫೋನಿನಲ್ಲಿ ಊರವರ ವಾಟ್ಸಾಪ್ ಸ್ಟೇಟಸ್‌ಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ಹಬ್ಬದ ದಿನ ಎಲ್ಲರ ಸ್ಟೇಟಸ್ಸೂ ಒಂದೇ: ಹೂವು ಮುಡಿದ ಬೈಕು, ಹೂವು ಮುಡಿದ ಕಾರು, ಹೂವು ಮುಡಿದ ವಾಷಿಂಗ್ ಮೆಷಿನ್. ಒಂದು ಚಿತ್ರದ ಮೇಲೆ ಅವಳ ಬೆರಳು ನಿಂತಿತು.

“ಸರ್, ಇಲ್ಲಿ ನೋಡಿ.”

ಚಿತ್ರದಲ್ಲಿ ಮಿಕ್ಸಿ, ಗ್ರೈಂಡರ್, ಕುಡುಗೋಲು, ಪಕ್ಕದಲ್ಲಿ ಒಂದು ಬ್ಯಾಟರಿ ಸಾಲಾಗಿದ್ದವು. ಬ್ಯಾಟರಿಗೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡುಹೂವಿನ ಹಾರ. ನಿಶತ್ ಚಿತ್ರವನ್ನು ಹಿಗ್ಗಿಸಿದಳು. ಹೂವಿನ ಸಂದಿಯಲ್ಲಿ ಕೆಂಪು ಮುಚ್ಚಳಗಳ ಜೊತೆ ಒಂದು ಹಸಿರು ಮುಚ್ಚಳ ಇಣುಕುತ್ತಿತ್ತು.

“ಯಾರಮ್ಮ ಇದು?”

“ಅಂಜನ್ ಅಂತ ಸರ್, ಗೂಡ್ಸ್ ಆಟೋ ಇದೆ. ಮನೆ ಬದಲಾಯಿಸ್ದಾಗ ನಮ್ ಫ್ರಿಜ್ ಸಾಗಿಸಿದ್ದು ಇವ್ರೇ. ಒಂದು ಗೀರೂ ಬೀಳಿಸ್ಲಿಲ್ಲ.”

ರಾಮಾಂಜಿನಪ್ಪ ನರಸಿಂಹಯ್ಯನಿಗೆ ಫೋನ್ ಮಾಡಿದರು. ಮಷೀನು ಇಳಿಸಿದವನ ಆಟೋ ಬಣ್ಣ ಯಾವುದು, ಮುಂದೆ ಏನು ಬರೆದಿತ್ತು, ಎರಡೇ ಪ್ರಶ್ನೆ. ನಿಶತ್ ಕಂಡಿದ್ದ ಆಟೋಗೆ ಉತ್ತರ ಸರಿಹೊಂದಿತು.

ಮಧ್ಯಾಹ್ನ ಎರಡಕ್ಕೆ ಜೀಪು ಶಿವಗಂಗೆ ರಸ್ತೆಯ ಪಕ್ಕದ ಹಳ್ಳಿಯೊಂದರಲ್ಲಿ ಅಂಜನ್ ಮನೆಯ ಮುಂದೆ ನಿಂತಿತು. ಬ್ಯಾಟರಿಯನ್ನು ಗುರುತಿಸಲು ಕಲೀಮುಲ್ಲಾ ತಮ್ಮ ಚೀಲದ ಸಮೇತ ಬಂದಿದ್ದರು. ಬಾಗಿಲು ತೆಗೆದ ಅಂಜನ್ ತಾಯಿ ಮಾರಕ್ಕ, ಹಬ್ಬದ ದಿನ ಪೊಲೀಸರೇ ಮನೆಗೆ ಬಂದರೆಂದು ಸಂಭ್ರಮಪಟ್ಟು ಪುರಿ ತುಂಬಿದ ತಟ್ಟೆ ಹಿಡಿದರು. ರಾಮಾಂಜಿನಪ್ಪನವರಿಗೆ ಬೇಡವೆನ್ನಲಾಗಲಿಲ್ಲ, ತಿನ್ನಲೂ ಆಗಲಿಲ್ಲ.

ಊರಿನಲ್ಲೆಲ್ಲ ಕರೆಂಟಿರಲಿಲ್ಲ. ಈ ಮನೆಯಲ್ಲಿ ಮಾತ್ರ ಫ್ಯಾನು ತಿರುಗುತ್ತಿತ್ತು. ಅದರ ಕೆಳಗೆ ತೊಟ್ಟಿಲು. ತೊಟ್ಟಿಲಲ್ಲಿ ಮೂರು ತಿಂಗಳ ಕೂಸು ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು. ಅಂಜನ್ ಹೆಂಡತಿ ಶಿಲ್ಪ ಬಾಣಂತನ ಮುಗಿಸಿ ತೌರಿನಿಂದ ಹಿಂದಿನ ದಿನವಷ್ಟೇ ಬಂದಿದ್ದಳು.

ಅಂಜನ್ ಖಾಕಿ ಕಂಡವನೇ ಗೋಡೆಗೆ ಒರಗಿದ.

“ಏನಪ್ಪಾ, ಈ ಬ್ಯಾಟ್ರಿ ಎಲ್ಲಿ ತಗೊಂಡೆ?”

“ಸಾರ್…”

“ಭಾನುವಾರ ಮಧ್ಯಾಹ್ನ ಎಲ್ಲಿದ್ದೆ?”

“ಅರಿಶಿನಕುಂಟೇಲಿ. ಮೂಟೆ ಇಳಿಸ್ದಾಗ್ಲೇ ಬೀಗದ ಕೈ ಇಡೋ ಜಾಗ ನೋಡಿದ್ದೆ.”

“ಕದ್ದ ಮಾಲಿಗೆ ಯಾರಾದ್ರೂ ಪೂಜೆ ಮಾಡಿ ಸ್ಟೇಟಸ್ ಹಾಕ್ತಾರೇನೋ?”

“ಸ್ಟೇಟಸ್ ಹಾಕಿದ್ದು ಶಿಲ್ಪ ಸಾರ್, ನನ್ ಫೋನಿಂದ. ಅವಳಿಗೇನೂ ಗೊತ್ತಿಲ್ಲ. ಪೂಜೆ ಮಾತ್ರ…” ಅವನು ತಲೆ ತಗ್ಗಿಸಿದ. “ಮನೇಲಿ ಕೆಲ್ಸ ಮಾಡೋ ಸಾಮಾನು ಸಾರ್. ಇವತ್ತಿನ ದಿನ ಅದೊಂದಕ್ಕೆ ಕುಂಕುಮ ಇಡದೆ ಹೆಂಗೆ ಬಿಡಕ್ಕಾಯ್ತದೆ?”

ರಾಮಾಂಜಿನಪ್ಪನವರೂ ಬೆಳಿಗ್ಗೆ ಕೆಟ್ಟು ಕೂತ ತಮ್ಮ ಯುಪಿಎಸ್‌ಗೆ ಕುಂಕುಮ ಇಟ್ಟೇ ಬಂದಿದ್ದರು.

ಪಕ್ಕದ ಮನೆಯ ಗಂಗಣ್ಣ ಮತ್ತು ಇನ್ನೊಬ್ಬರನ್ನು ಪಂಚರಾಗಿ ಕರೆಸಿ ಜಪ್ತಿ ಪಂಚನಾಮೆ ಶುರುವಾಯಿತು. ಕಲೀಮುಲ್ಲಾ ಹಾರ ಸರಿಸಿ, ಹಸಿರು ಮುಚ್ಚಳ ಮುಟ್ಟಿ, ಇದೇ ಎಂದು ಹೇಳಿ ವೈರು ಬಿಚ್ಚಿದರು. ಫ್ಯಾನು ನಿಧಾನವಾಗಿ ನಿಂತಿತು. ಕೂಸು ಎದ್ದು ಅಳತೊಡಗಿತು.

“ಯಾಕಪ್ಪಾ ಮಾಡ್ದೆ?” ಎಂದು ರಾಮಾಂಜಿನಪ್ಪ ಮೆಲ್ಲಗೆ ಕೇಳಿದರು.

“ನಮ್ ಬ್ಯಾಟ್ರಿ ಸತ್ತೋಯ್ತು ಸಾರ್. ನಿಮ್ ಹಳ್ಳೀಲಿ ಕರೆಂಟಿರಲ್ಲ, ಸೊಳ್ಳೆ ಜಾಸ್ತಿ, ಮಗು ತಡ್ಕಳಲ್ಲ ಅಂತ ನಮ್ಮತ್ತೆ ಅಂದ್ರು. ಬ್ಯಾಟ್ರಿ ಇದೆ ಅಂದ್ಬಿಟ್ಟೆ. ಶಿಲ್ಪನ್ನ ಕಳ್ಸೋ ದಿನ ಬಂದ್ಬಿಡ್ತು.”

ಶಿಲ್ಪ ಮಗುವನ್ನು ಹೆಗಲಿಗೆ ಹಾಕಿಕೊಂಡು ಗಂಡನನ್ನು ದಿಟ್ಟಿಸಿದಳು. “ಅಮ್ಮ ಮಾತಿಗೆ ಅಂದಿದ್ದು ಕಣ್ರೀ. ನನ್ನ ಕೇಳಿದ್ರೆ ಸೊಳ್ಳೆ ಪರದೆ ತರ್ತಿರ್ಲಿಲ್ವಾ? ಬೀಸಣಿಗೇಲಿ ಬೀಸ್ತಿರ್ಲಿಲ್ವಾ? ಕಳ್ಳನ ಹೆಂಡ್ತಿ ಅನ್ನಿಸ್ಕೊಳಕ್ಕೆ ಬಂದ್ನಾ ನಾನು?” ಮಾರಕ್ಕ ತಟ್ಟೆ ಹಿಡಿದುಕೊಂಡೇ ಕುಸಿದು ಕೂತರು.

ಆ ಹೊತ್ತಿಗೆ ಕಲೀಮುಲ್ಲಾ ಹಿತ್ತಲಲ್ಲಿದ್ದರು. ಒಗೆಯುವ ಕಲ್ಲಿನ ಪಕ್ಕ ಅಂಜನ್‌ನ ಹಳೇ ಬ್ಯಾಟರಿ ಬಿದ್ದಿತ್ತು. ವೈರು ಕಚ್ಚುವ ಎರಡೂ ತಲೆಗಳ ಮೇಲೆ ಬೆರಳು ದಪ್ಪ ಬೂಷ್ಟು. ಮೀಟರ್ ಹಿಡಿದು ನೋಡಿ, “ಅಮ್ಮ, ಸ್ವಲ್ಪ ಬಿಸಿನೀರು, ಅಡುಗೆ ಸೋಡಾ ಕೊಡಿ,” ಎಂದರು. ಸೋಡಾ ನೀರು ಹೊಯ್ದೊಡನೆ ಬುಸ್ಸೆಂದು ನೊರೆ ಎದ್ದಿತು. ಹಳೇ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಚೀಲದಲ್ಲಿದ್ದ ಬ್ಯಾಟರಿ ನೀರು ತುಂಬಿಸಿ, ಒಳಗೆ ತಂದು ಯುಪಿಎಸ್‌ಗೆ ಸಿಕ್ಕಿಸಿದರು.

ಫ್ಯಾನು ಒಮ್ಮೆ ಗೊಣಗಿ, ತಿರುಗತೊಡಗಿತು.

“ಸತ್ತಿಲ್ಲ ಕಣಪ್ಪ,” ಎಂದರು ಕಲೀಮುಲ್ಲಾ. “ಕೊಳೆ ಕಟ್ಟಿತ್ತು, ಅಷ್ಟೇ.”

ಅಂಜನ್ ತಿರುಗುತ್ತಿದ್ದ ಫ್ಯಾನನ್ನೇ ನೋಡಿದ. ಅಲ್ಲಿಯವರೆಗೆ ತಡೆದುಕೊಂಡಿದ್ದವನು ಆಗ ಬಿಕ್ಕಿಬಿಕ್ಕಿ ಅತ್ತ. ಮೂರೂವರೆಗೆ ಅವನನ್ನು ದಸ್ತಗಿರಿ ಮಾಡಲಾಯಿತು. ಮಗು ಇರುವ ಮನೆಯೆಂದು ರಾಮಾಂಜಿನಪ್ಪ ಜೀಪನ್ನು ಬೀದಿಯ ತುದಿಗೆ ಕಳಿಸಿ, ಅಲ್ಲಿಯವರೆಗೆ ನೆಂಟನಂತೆ ಅವನ ಜೊತೆ ನಡೆದೇ ಹೋದರು.

ಮರುದಿನ ಅಂಜನ್‌ನನ್ನು ಮ್ಯಾಜಿಸ್ಟ್ರೇಟರ ಮನೆಯಲ್ಲೇ ಹಾಜರುಪಡಿಸಿದರು. ಅವನೇನೋ ಜಾಮೀನಿಗೆ ಕಾಯಬೇಕಾಯಿತು. ದ್ಯಾವಮ್ಮನ ಬ್ಯಾಟರಿಯೂ ಕಾಯಬೇಕಾಯಿತು. ಜಪ್ತಿಯಾದ ಮಾಲನ್ನು ನ್ಯಾಯಾಲಯದ ಆದೇಶವಿಲ್ಲದೆ ಕೊಡುವಂತಿಲ್ಲ. ನ್ಯಾಯಾಲಯಕ್ಕೆ ದಸರಾ ರಜೆ. ಮೊಟ್ಟೆಗಳಿಗೆ ರಜೆಯಿಲ್ಲ. ಕಾನೂನಿನ ಪುಸ್ತಕವನ್ನು ಮೂರು ಸಲ ತಿರುವಿ ಹಾಕಿದರೂ ಕೋಳಿಮರಿಯ ವಿಷಯ ಎಲ್ಲೂ ಸಿಗದೆ ರಾಮಾಂಜಿನಪ್ಪ ಒದ್ದಾಡುತ್ತಿರುವಾಗ ಶಿಲ್ಪ ಠಾಣೆಗೆ ಬಂದಳು. ಹೆಗಲ ಮೇಲೆ ಮಗು. ಹಿಂದೆ ಕಲೀಮುಲ್ಲಾ ಅವರ ಸ್ಕೂಟರಿನಲ್ಲಿ ಅವಳ ಮನೆಯ ಹಳೇ ಬ್ಯಾಟರಿ.

“ನಿಮ್ ಕೇಸಿಗೆ ಇದು ಸೇರಿಲ್ವಲ್ಲ ಸಾರ್?”

“ಇಲ್ಲಮ್ಮ. ಇದು ನಿಮ್ದೇ.”

“ಹಂಗಾದ್ರೆ ಕಲೀಮ್ ಭಾಯ್ ಆ ಅಮ್ಮನ ಮನೆಗೆ ಕೊಟ್ಬರ್ತಾರೆ, ಮೊಟ್ಟೆ ವಿಷ್ಯ ಅವ್ರೇ ಹೇಳಿದ್ರು. ಅವ್ರದು ಬರೋವರ್ಗೂ ಇಟ್ಕಳ್ಲಿ. ನಮ್ಗೆ ಬೀಸಣಿಗೆ ಸಾಕು.”

“ತೌರಿಗೆ ಹೋಗ್ತೀಯೇನಮ್ಮ?”

“ಯಾಕೆ ಹೋಗ್ಲಿ ಸಾರ್? ಅವ್ರು ಬರ್ಲಿ ಮನೆಗೆ, ಇನ್ನೂ ಬೈಯೋದಿದೆ.”

ನಿಶತ್ ನಕ್ಕು ಮಗುವನ್ನು ಎತ್ತಿಕೊಂಡಳು. ಅಂದು ಮನೆಗೆ ಹೋಗುವಾಗ ರಾಮಾಂಜಿನಪ್ಪ ಅಂಗಡಿಯಲ್ಲಿ ಒಂದು ಪೊಟ್ಟಣ ಅಡುಗೆ ಸೋಡಾ ಕೊಂಡರು.

ಕೇಸ್ ಡೈರಿಯಲ್ಲಿ ಅವರು ಕಳವಿಗೆ ಕಾರಣವನ್ನೂ ಬರೆಯಬೇಕಿತ್ತು. ದುಡ್ಡಿನ ಆಸೆಯಲ್ಲ, ಚಟವಲ್ಲ. ಅತ್ತೆಯ ಎದುರು ಹೇಳಿದ ಒಂದು ಸುಳ್ಳನ್ನು ನಿಜ ಮಾಡಲು ಹೋಗಿದ್ದ, ಅಷ್ಟೇ. ‘ಸ್ವಂತ ಉಪಯೋಗಕ್ಕಾಗಿ, ಮಗುವಿನ ಸಲುವಾಗಿ’ ಎಂದು ಬರೆದು ಸಹಿ ಹಾಕಿದರು.

ಭಾನುವಾರ ಮಧ್ಯಾಹ್ನ ದ್ಯಾವಮ್ಮನ ಫೋನ್ ಬಂತು. ಮಾತಿಗಿಂತ ಮೊದಲು ಚಿಲಿಪಿಲಿ ಸದ್ದು ಕಿವಿಗೆ ಬಿತ್ತು.

“ಕೇಳ್ತಾ ಐತಾ ಸಾರ್? ಕರೆಂಟಿಲ್ಲ ಇಲ್ಲಿ. ಆದ್ರೂ ಒಂದೊಂದೇ ಬಾಯಿ ಬಿಡ್ತಾ ಅವೆ. ನಮ್ಮೆಜಮಾನ್ರು ಮಷೀನ್ ಮುಂದಿಂದ ಏಳ್ತಾನೇ ಇಲ್ಲ.”

“ನಿಮ್ ಬ್ಯಾಟ್ರಿ ಕೋರ್ಟಿಂದ ಬೇಗ ಬಿಡಿಸ್ಕೊಡ್ತೀನಮ್ಮ.”

“ಬರ್ಲಿ ನಿಧಾನಕ್ಕೆ. ಬಂದ್ಮೇಲೆ ಆ ಹುಡುಗಿ ಬ್ಯಾಟ್ರೀನ ನೀವ್ಯಾರೂ ಮುಟ್ಬೇಡಿ, ನಾನೇ ತಗೊಂಡೋಗಿ ಕೊಡ್ತೀನಿ. ಅವ್ಳ ಕೂಸನ್ನೂ ನೋಡ್ದಂಗಾಯ್ತದೆ.”