ಹಸಿರಾಗೇ ಉಳಿದ ಹದಿನೇಳನೇ ಗಾಡಿ

ನಾನು ಒಳಗೆ ಬಂದದ್ದೇ ತಡ, ಅವನು ಲ್ಯಾಪ್‌ಟಾಪ್ ಪಟ್ಟನೆ ಮುಚ್ಚಿದ.

ಮಂಗಳವಾರ, ಬೆಳಿಗ್ಗೆ ಎಂಟೂಕಾಲು. ಆಫೀಸಿನಲ್ಲಿ ನಾವಿಬ್ಬರೇ. ಮುಚ್ಚುವ ಮುಂಚೆ ಪರದೆಯ ಮೇಲೆ ನನ್ನ ಕೋಡ್ ಫೈಲಿನ ಹೆಸರು ಕಂಡೇಬಿಟ್ಟಿತ್ತು.

“ಏನು ನೋಡ್ತಿದ್ರಿ?”

“ಏನಿಲ್ಲ.”

“ಏನಿಲ್ಲದ್ದಕ್ಕೆ ಅಷ್ಟು ಜೋರಾಗಿ ಯಾಕೆ ಮುಚ್ಚಿದ್ರಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವನು ಕನ್ನಡಕ ಸರಿಮಾಡಿಕೊಂಡ. ಕಿವಿ ಕೆಂಪಾಗಿತ್ತು. ಚಂದದ ಕಿವಿ, ಒಪ್ಪಿಕೊಳ್ಳುತ್ತೇನೆ. ಕಳ್ಳರಿಗೂ ಇರುತ್ತದೆ.

ಮೂರು ವಾರದ ಹಿಂದೆ ಡೇಟಾ ತಂಡದಿಂದ ನಮ್ಮಲ್ಲಿಗೆ ಬಂದವನು. ಮಾತು ಕಮ್ಮಿ. ಮನಸ್ಸಲ್ಲೇ ನಾನು ಇಟ್ಟ ಹೆಸರು ಗುಮ್ಮನಗುಸಕ. ನನ್ನನ್ನು ಎಲ್ಲರೂ ಕಡ್ಡಿ ಅನ್ನುತ್ತಾರೆ. ತೆಳ್ಳಗಿದ್ದೇನೆ ಅಂತಲ್ಲ, ಕಡ್ಡಿ ಮುರಿದಂತೆ ಮಾತಾಡುತ್ತೇನೆ ಅಂತ.

ನಾವು ಮಾಡುತ್ತಿದ್ದದ್ದು ಆಂಬುಲೆನ್ಸ್ ಕಂಟ್ರೋಲ್ ರೂಮಿನ ಸ್ಕ್ರೀನ್. ಇನ್ನೂರು ಗಾಡಿ, ಗಾಡಿಗೊಂದು ಕಾರ್ಡು. ಖಾಲಿ ಇದ್ದರೆ ಹಸಿರು, ಹೊರಟಿದ್ದರೆ ಕೆಂಪು. ಗಾಡಿಯ ವಿವರ ಮೇಲಿನಿಂದ ಕಾರ್ಡಿಗೆ ಇಳಿಯುತ್ತದೆ; ಹಾಗೆ ಇಳಿದದ್ದಕ್ಕೆ ಪ್ರಾಪ್ಸ್ ಅನ್ನುತ್ತೇವೆ. ವಿವರ ಕಳಿಸುವುದು ಅವನ ಕೆಲಸ, ಕಾರ್ಡು ನನ್ನದು. ಮೊದಲೆಲ್ಲ ಒಂದು ಗಾಡಿ ಅಲ್ಲಾಡಿದರೂ ಇನ್ನೂರು ಕಾರ್ಡು ಹೊಸದಾಗಿ ಮೂಡಿ ಸ್ಕ್ರೀನ್ ತೆವಳುತ್ತಿತ್ತು. ನಾನು ಕಾರ್ಡಿಗೆ ಮೆಮೊ ಅನ್ನುವ ಕೋಡಿನ ಹೊದಿಕೆ ಸುತ್ತಿದೆ: ಕೊಟ್ಟ ಪ್ರಾಪ್ಸ್ ಹಳೆಯದೇ ಆದರೆ ಸುಮ್ಮನಿರು, ಬದಲಾದರೆ ಮಾತ್ರ ಮತ್ತೆ ಮೂಡು. ಸ್ಕ್ರೀನ್ ನೀರಿನಂತೆ ಹರಿಯಿತು. ತಂಡದ ಲೀಡ್ ಬೆನ್ನು ತಟ್ಟಿದರು.

ಆದರೆ ಸೋಮವಾರ, ನಿಜವಾದ ಕರೆಗಳ ಮೇಲೇ ನಡೆದ ಟ್ರಯಲ್‌ನಲ್ಲಿ, ಎಲ್ಲಕ್ಕಿಂತ ಮೊದಲು ಹೊರಟ ಹದಿನೇಳನೇ ಗಾಡಿ ಹೊರಟುಹೋದ ಮೇಲೂ ಹಸಿರಾಗೇ ಇತ್ತು. ಅದನ್ನು ನಂಬಿ ಆಪರೇಟರ್ ಇನ್ನೊಂದು ಕರೆಯನ್ನೂ ಅದಕ್ಕೇ ಕೊಟ್ಟರು. ಎದೆನೋವಿನ ಅಜ್ಜ ಒಬ್ಬರು ಏಳು ನಿಮಿಷ ಹೆಚ್ಚಿಗೆ ಕಾದರು. ಪುಣ್ಯಕ್ಕೆ ಜೀವ ಉಳಿಯಿತು.

“ಶುಕ್ರವಾರದೊಳಗೆ ಕಾರಣ ಬೇಕು,” ಅಂದರು ಲೀಡ್, ನನ್ನ ಮುಖ ನೋಡಿಕೊಂಡೇ.

ಅದಾದ ಮಾರನೇ ದಿನವೇ ಅವನು ಲ್ಯಾಪ್‌ಟಾಪ್ ಮುಚ್ಚಿದ್ದು. ಅದೇ ಮಧ್ಯಾಹ್ನ ಗಾಜಿನ ರೂಮಿನಲ್ಲಿ ಅವನೂ ಲೀಡೂ ಮಾತಾಡುತ್ತಿದ್ದರು. ನಾನು ಬಾಗಿಲು ದೂಡಿದೆ, ಮಾತು ನಿಂತಿತು. ಬೋರ್ಡಿನ ಮೇಲೆ ನನ್ನ ಕಾರ್ಡಿನ ಹೆಸರು, ಸುತ್ತ ದೊಡ್ಡದೊಂದು ವೃತ್ತ.

ಮನೆಯಲ್ಲಿ ಅಕ್ಕನ ಮುಂದೆ ಎಲ್ಲ ಕಾರಿಕೊಂಡೆ. “ತಪ್ಪೆಲ್ಲ ನನ್ನ ತಲೆಗೆ ಕಟ್ತಾನೆ, ನೋಡ್ತಿರು. ಮಾನಿಟರ್ ಮೇಲಿಂದ ಇಣುಕ್ತಾನೆ. ನಾನು ನೋಡಿದ್ರೆ ಟೈಪ್ ಮಾಡೋ ಥರ ನಟಿಸ್ತಾನೆ. ಬೆರಳು ಆಡ್ತವೆ, ಕೀ ಸದ್ದೇ ಇರಲ್ಲ!”

“ದಿನಕ್ಕೆ ಎಷ್ಟು ಸಲ ನೋಡ್ತಾನೆ?”

“ನಾನ್ಯಾಕೆ ಎಣಿಸಲಿ? ಹನ್ನೊಂದು.”

ಅಕ್ಕ ಬಟ್ಟೆ ಮಡಚುವುದನ್ನು ಬಿಟ್ಟು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಬುಧವಾರ ಅವನ ಕೋಡ್ ತೆಗೆದು ನೋಡಿದೆ. ನನ್ನ ಕಾರ್ಡಿನ ತಪ್ಪು ಹುಡುಕಲು ಗುಟ್ಟಾಗಿ ಹತ್ತಾರು ಟೆಸ್ಟ್ ಬರೆದಿದ್ದ. ಸೀದಾ ಹೋಗಿ ಮೆಟ್ಟಿಲಿನ ಹತ್ತಿರ ಹಿಡಿದೆ.

“ನನ್ನನ್ನ ಸಿಕ್ಕಿಹಾಕಿಸೋಕೆ ಇಷ್ಟೊಂದು ಕಷ್ಟ ಯಾಕೆ? ಎದುರಿಗೇ ಹೇಳಿ.”

ಅವನು ಒಂದು ಮೆಟ್ಟಿಲು ಕೆಳಗೆ ನಿಂತಿದ್ದ. ಈ ಸಲ ಕಣ್ಣು ತಪ್ಪಿಸಲಿಲ್ಲ.

“ಟೆಸ್ಟ್ ಮಾಡಿ ನೋಡಿದೆ, ನಿಮ್ಮ ಮೆಮೊ ಸರಿ ಇದೆ. ತಪ್ಪು ನಂದು.”

“ಅಂದ್ರೆ?”

“ಗಾಡಿ ಹೊರಟಾಗ ನಾನು ಅದರ ವಿವರ ಇರೋ ಹೊಸ ಆಬ್ಜೆಕ್ಟ್ ಕಳಿಸ್ತಿರಲಿಲ್ಲ. ಹಳೇದರ ಒಳಗೇ ‘ಖಾಲಿ’ ಅಳಿಸಿ ‘ಹೊರಟಿದೆ’ ಅಂತ ತಿದ್ದುತ್ತಿದ್ದೆ. ಹೊರಗಿಂದ ಅದೇ ಡಬ್ಬಿ. ನಿಮ್ಮ ಕಾರ್ಡು ಡಬ್ಬಿ ನೋಡಿ, ಏನೂ ಬದಲಾಗಿಲ್ಲ ಅಂತ ಸುಮ್ಮನಾಗ್ತಿತ್ತು. ನಿನ್ನೆ ಲೀಡ್‌ಗೆ ಹೇಳಿದೀನಿ.”

ಗಾಜಿನ ರೂಮಿನಲ್ಲಿ ಅವನು ಹೇಳಿದ್ದು ತನ್ನ ಮೇಲಿನ ದೂರು. ಆದರೂ ನನ್ನ ಅನುಮಾನ ಅಷ್ಟು ಸುಲಭಕ್ಕೆ ಸಾಯುವುದಲ್ಲ.

“ಮತ್ತೆ ನನಗ್ಯಾಕೆ ಮುಚ್ಚಿಟ್ರಿ?”

“ಲೀಡ್‌ಗೆ ಹೇಳೋವಷ್ಟು ಧೈರ್ಯ ಇತ್ತು. ನಿಮಗೆ ಹೇಳೋವಷ್ಟು ಇರಲಿಲ್ಲ.” ಅವನ ದನಿ ಇಳಿಯಿತು. “ನಿಮ್ಮ ಕಣ್ಣಲ್ಲಿ ನಾನು ದಡ್ಡ ಆಗೋದು ಬೇಡ ಅನ್ನಿಸ್ತು.”

ನನಗೆ ನಾಚಿಕೆಯಾಯಿತು. ಮೆಮೊ ಹಾಕಿದ ಮೇಲೆ ನಾನು ಅಳೆದದ್ದು ವೇಗ ಮಾತ್ರ. ಬದಲಾಗಬೇಕಾದಾಗ ಕಾರ್ಡು ಬದಲಾಗುತ್ತದಾ ಅಂತ ಒಮ್ಮೆಯೂ ನೋಡಿರಲಿಲ್ಲ. ಅವನ ತೋಳು ಹಿಡಿದು ಲೀಡ್ ಹತ್ತಿರ ಎಳೆದುಕೊಂಡು ಹೋದೆ. “ಅರ್ಧ ತಪ್ಪು ನಂದು ಸರ್.”

“ಇಲ್ಲ ಸರ್, ಪೂರ್ತಿ ನಂದು.”

“ಅರ್ಧ ಅಂದ್ನಲ್ಲ!”

“ತಪ್ಪಿಗೂ ಕಿತ್ತಾಡೋರನ್ನ ಇವತ್ತೇ ನೋಡಿದ್ದು,” ಅಂದರು ಲೀಡ್. ನಗಲಿಲ್ಲ. “ಅಜ್ಜನ ಮನೆಯವರಿಗೆ ನಾನು ಉತ್ತರ ಕೊಡಬೇಕು. ಮೊದಲು ಸರಿಮಾಡಿ.”

ಗುರುವಾರವಿಡೀ ಒಂದೇ ಟೇಬಲ್ಲಿನಲ್ಲಿ ಕೂತೆವು. ಬದಲಾದ ಗಾಡಿಗೆ ಮಾತ್ರ ಅವನು ಹೊಸ ಆಬ್ಜೆಕ್ಟ್ ಮಾಡಿದ, ಉಳಿದವು ಹಳೆಯವೇ. ಬದಲಾಗಬೇಕಾದಾಗ ಕಾರ್ಡು ಬದಲಾಗುತ್ತದಾ ಅನ್ನುವ ಟೆಸ್ಟ್ ನಾನು ಬರೆದೆ. ಮೊಣಕೈ ತಗುಲಿದಾಗೆಲ್ಲ ಇಬ್ಬರೂ “ಸಾರಿ” ಅಂದೆವು, ಯಾರೂ ಸರಿದು ಕೂರಲಿಲ್ಲ. ಶುಕ್ರವಾರ ಕಂಟ್ರೋಲ್ ರೂಮಿನಿಂದ ಫೋನು: “ಹೊರಟ ತಕ್ಷಣ ಕೆಂಪಾಗ್ತಿದೆ ಮೇಡಂ. ಇನ್ನೂರೂ ಸರಿ ಇವೆ.”

ಸಂಜೆ ಲಿಫ್ಟಿನ ಮುಂದೆ ಅವನು ಬ್ಯಾಗು ಹಿಡಿದು ನಿಂತಿದ್ದ. ಲೀಡ್ ಅವನನ್ನು ಸೋಮವಾರದಿಂದ ವಾಪಸ್ ಡೇಟಾ ತಂಡಕ್ಕೆ, ರಸ್ತೆಯಾಚೆಯ ಕಟ್ಟಡಕ್ಕೆ ಹಾಕಿದ್ದರು.

“ಅಲ್ಲಿ ಊಟ ಎಷ್ಟು ಗಂಟೆಗೆ?”

“ಒಂದಕ್ಕೆ. ಯಾಕೆ?”

“ನಾನೂ ಬರ್ತೀನಿ. ದಿನಾ.”

“ದಿನಾ ಯಾಕೆ?” ಅಂದ. ಈ ಸಲ ಅನುಮಾನ ಪಡುವ ಸರದಿ ಅವನದು.

“ನೀವಂದ್ರೆ ನನಗೆ ಇಷ್ಟ. ಅದಕ್ಕೆ.”

ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿಕೊಂಡು ಖಾಲಿಯೇ ಹೋಯಿತು.

“ಇನ್ನೊಂದು ಸಲ ಹೇಳಿ,” ಅಂದ.

“‘ಹೇಳಿ’ ಅಂದ್ರೆ ಹೇಳಲ್ಲ.”

ಅವನು ಬ್ಯಾಗು ಕೆಳಗಿಟ್ಟ. ಆಮೇಲೆ ತುಂಬ ಮೆತ್ತಗೆ, “ಹೇಳು,” ಅಂದ.

ಹೇಳಿದೆ.